ಮೂರು ಮೆಣಸಿನಕಾಯಿಯ ತನಿಖೆ

ಎಲ್ಲ ಶುರುವಾದದ್ದು ಮೂರು ಕೆಂಪು ಮೆಣಸಿನಕಾಯಿಯಿಂದ. ಹೆಂಡತಿ ಒಲೆಯ ಕಡೆ ತಿರುಗಿದ್ದ ಹೊತ್ತು ನೋಡಿ ಎಂಕೋಸ್ ಕೊಸ್ವಾರಾ ಬುಟ್ಟಿಗೆ ಕೈ ಹಾಕಿದ. ಮೂರು ಮೆಣಸಿನಕಾಯಿ, ಎರಡು ಸಣ್ಣ ಈರುಳ್ಳಿ ಅಂಗಿಯ ಜೇಬು ಸೇರಿದವು.

"ರೀ, ಜೇಬಲ್ಲಿ ಏನದು?" ಎಂದಳು ಇಮಾಸ್, ತಿರುಗದೆಯೇ. ಮಕ್ಕಳನ್ನು ಸಾಕಿದ ಹೆಂಗಸರಿಗೆ ಬೆನ್ನಲ್ಲೂ ಎರಡು ಕಣ್ಣಿರುತ್ತವೆ.

"ಪೆನ್ನು."

"ಪೆನ್ನಿಗೆ ಹಸಿರು ತೊಟ್ಟು ಇರತ್ತಾ?"

"ಹೊಸ ಮಾದರಿದು. ನಮ್ಮದು ಹೊಸ ಯೋಚನೆಗಳ ವಿಭಾಗ ಅಲ್ವಾ?"

ಇಮಾಸ್ ಸೌಟು ಹಿಡಿದೇ ತಿರುಗಿದಳು. ಬೀದಿಬಾಗಿಲಲ್ಲಿ ಅವಳ ಸುರಾಬಿ ಅಂಗಡಿ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಣ್ಣಿನ ಕಾವಲಿಯಲ್ಲಿ ಬೇಯುವ ಅವಳ ಅಕ್ಕಿಹಿಟ್ಟಿನ ಸುರಾಬಿಗಾಗಿ ಪಕ್ಕದ ಬೀದಿಯವರೂ ಬಂದು ನಿಲ್ಲುತ್ತಿದ್ದರು. "ಸಂಬಲ್ ಚಟ್ನಿ ಅರೆಯೋಕೆ ಅಂತ ಇಟ್ಟಿದ್ದೆ. ಆಫೀಸಲ್ಲಿ ಯಾರಿಗೆ ಅಡುಗೆ ಮಾಡಿ ಬಡಿಸ್ತಾ ಇದೀರಿ?"

"ಅಯ್ಯೋ, ಯಾರಿಗೂ ಇಲ್ಲ ಮಾರಾಯ್ತಿ. ವಿಮಾನಕ್ಕೆ."

"ವಿಮಾನ ಖಾರ ತಿನ್ನತ್ತಾ?"

ಉತ್ತರ ಹೇಳಿದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ ಎಂದು ತಿಳಿದಿದ್ದ ಎಂಕೋಸ್ ಸ್ಕೂಟರ್ ಹತ್ತಿದ. ಹೋಗುವಾಗ ಪೊರಕೆಯಿಂದ ಒಂದು ಕಡ್ಡಿಯನ್ನೂ ಎಳೆದುಕೊಂಡ. ಅದನ್ನೂ ಇಮಾಸ್ ನೋಡಿದಳು.

ಅವರ ಊರು ಬಾಂಡುಂಗಿನಲ್ಲಿ ಮದುವೆ ಮಾಡಿಸಿದ ಯಾರನ್ನು ಕೇಳಿದರೂ ಹೇಳಿಯಾರು: ಪೊರಕೆ ಕಡ್ಡಿಗೆ ಕೆಂಪು ಮೆಣಸಿನಕಾಯಿ, ಈರುಳ್ಳಿ ಪೋಣಿಸಿ, ತುದಿ ಮೇಲಾಗಿ ನೆಲಕ್ಕೆ ನೆಟ್ಟರೆ ಮಳೆ ಆಚೆ ಬೀದಿಗೆ ಹೋಗುತ್ತದೆ. ಆಚೆ ಬೀದಿಯವರೂ ನೆಟ್ಟಿದ್ದರೆ ಅದರ ಆಚೆಗೆ. ಇದನ್ನು ನಂಬುತ್ತೇನೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೆಡದೆ ಇರುವವರೂ ಇಲ್ಲ.

ಆದರೆ ಎಂಕೋಸ್ ಕೆಲಸ ಮಾಡುತ್ತಿದ್ದ ವಿಮಾನ ಕಾರ್ಖಾನೆಗೆ ಜಕಾರ್ತದಿಂದ ಹೊಸದಾಗಿ ಬಂದಿದ್ದ ನಿರ್ದೇಶಕ ಪಾಕ್, ಎಂದರೆ ಸಾಹೇಬ, ದರ್ಸೋನೊಗೆ ಇಂಥದ್ದನ್ನು ಕಂಡರೆ ಮೈ ಉರಿಯುತ್ತಿತ್ತು. ಬಂದ ವಾರವೇ ಗೋಡೆಗೋಡೆಗೆ 'ಹೊಸತಾಗಿ ಯೋಚಿಸಿ' ಎಂದು ಬರೆಸಿದ್ದರು. ಕುರ್ಚಿ ತೆಗೆಸಿ, ಕೂತರೆ ಏಳಲಾಗದ ಹತ್ತಿಮೂಟೆಗಳನ್ನು ಹಾಕಿಸಿದ್ದರು. ಹಿಂದಿನ ದಿನವಷ್ಟೇ ಎಲ್ಲರನ್ನೂ ಸೇರಿಸಿ ಬೆರಳೆತ್ತಿ ಹೇಳಿದ್ದರು:

"ನಾಳೆ ಉಪಮಂತ್ರಿಗಳು ಬರ್ತಿದಾರೆ. ನಮ್ಮ ಪೈಲಟ್ ಇಲ್ಲದ ವಿಮಾನ ಬಯಲಲ್ಲಿ ಹಾರತ್ತೆ. ಮಳೆ ಬಂದ್ರೆ ಬರಲಿ. ಆದ್ರೆ ಯಾರಾದ್ರೂ ಮೆಣಸಿನಕಾಯಿ, ಮಂತ್ರವಾದಿ, ತಾಯಿತ ಅಂತ ಕಂಪನಿ ಮರ್ಯಾದೆ ಕಳೆದ್ರೋ, ಸೀದಾ ಮೆರಾವ್ಕೆಗೆ! ಮೋಡಕ್ಕೆ ಮೆಣಸಿನಕಾಯಿ ಖಾರ ಹತ್ತಲ್ಲ, ತಿಳೀತಾ?"

ಮೆರಾವ್ಕೆ ಎಂದರೆ ದೇಶದ ಆ ತುದಿ. ಅಲ್ಲಿಂದ ಮುಂದೆ ನಮ್ಮ ನಕ್ಷೆಯೇ ಇಲ್ಲ. ಕಂಪನಿಯ ಒಂದು ಗೋದಾಮು ಅಲ್ಲಿತ್ತು. ಹೋದವರು ಹಬ್ಬಕ್ಕೂ ಬರುತ್ತಿರಲಿಲ್ಲ. ಇಮಾಸ್ ಮೊದಲೇ ಹೇಳಿಬಿಟ್ಟಿದ್ದಳು: "ಮೆರಾವ್ಕೆಗೆ ಹಾಕಿದ್ರೆ ನೀವೊಬ್ರೇ ಹೋಗಿ. ನನ್ನ ಅಂಗಡಿ, ನನ್ನ ಗಿರಾಕಿ ಬಿಟ್ಟು ನಾ ಬರಲ್ಲ. ಜೊತೆಗೆ ಬೇಕಿದ್ರೆ ಅಲ್ಲಿ ಸೊಳ್ಳೆ ಇವೆ."

ಸಭೆ ಮುಗಿದ ಮೇಲೆ ವಿಭಾಗದ ಮುಖ್ಯಸ್ಥೆ ಮೇಡಂ, ಅಂದರೆ ಇಬು ಹೆರ್ಲಿನಾ, ಎಂಕೋಸನನ್ನು ಫೋಟೋಕಾಪಿ ಯಂತ್ರದ ಹಿಂದಕ್ಕೆ ಕರೆದಿದ್ದರು.

"ನಾನು ಜರ್ಮನಿಯಲ್ಲಿ ಓದಿದೋಳು. ಇಂಥದ್ದೆಲ್ಲ ನಂಬಲ್ಲ."

"ನಾನೂ ನಂಬಲ್ಲ, ಇಬು."

"ಆದ್ರೆ ಮಳೆ ಬಂದು ವಿಮಾನ ಹಾರದೇ ಹೋದ್ರೆ ನಮ್ಮ ವಿಭಾಗ ಮುಚ್ತಾರಂತೆ. ಮುಚ್ಚಿದ್ರೆ ಮಿಕ್ಕವರೆಲ್ಲ ಎಲ್ಲಿಗೆ ಅಂತ ಗೊತ್ತಲ್ಲ?"

"ಮೆರಾವ್ಕೆ."

"ಏನಾದ್ರೂ ಮಾಡಿ. ನಾನು ಏನೂ ಹೇಳಿಲ್ಲ. ನೀವು ಏನೂ ಕೇಳಿಲ್ಲ."

ನೆಟ್ಟು ಸಿಕ್ಕಿಬಿದ್ದರೆ ಮೆರಾವ್ಕೆ, ನೆಡದೆ ಮಳೆ ಬಂದರೂ ಮೆರಾವ್ಕೆ. ಮುಂದೆ ಹೋದರೆ ಹಾಯುವ, ಹಿಂದೆ ಬಂದರೆ ಒದೆಯುವ ದನದ ಮಗ್ಗುಲಲ್ಲಿ ನಿಂತ ಹಾಗಾಗಿತ್ತು ಎಂಕೋಸನ ಪಾಡು.

ಬಯಲಿಗೆ ಹೋಗುವ ಗೇಟಿನಲ್ಲಿ ಕಾವಲು ಪಡೆಯ ಮುಖ್ಯಸ್ಥ ಸಾರ್ಮಾನ್ ಎಲ್ಲರ ಜೇಬು ಖಾಲಿ ಮಾಡಿಸುತ್ತಿದ್ದ. ಅದು ಅಲ್ಲಿಯ ಕಟ್ಟಳೆ. ವಿಮಾನದ ಹತ್ತಿರ ಬಿದ್ದ ಒಂದು ಅಂಗಿಗುಂಡಿಯೂ ಶತ್ರುವೇ. ಎಂಜಿನ್ ಅದನ್ನು ಒಳಕ್ಕೆ ಎಳೆದುಕೊಂಡರೆ ಕತೆ ಮುಗಿಯಿತು. ಹಾಗೆ ಬಿದ್ದಿರುವ ಏನನ್ನೇ ಆಗಲಿ ಅಲ್ಲಿ 'ಅನ್ಯವಸ್ತು' ಎನ್ನುತ್ತಿದ್ದರು, ಹಾವು ಎನ್ನುವ ಧ್ವನಿಯಲ್ಲಿ. ಎಂಕೋಸ್ ಪೋಣಿಸಿದ ಕಡ್ಡಿಯನ್ನು ಕಾಲುಚೀಲದೊಳಗೆ ಇಳಿಸಿಕೊಂಡು ಕುಂಟುತ್ತ ಬಂದ.

"ಕಾಲಿಗೇನಾಯ್ತು, ಪಾಕ್?" ಎಂದ ಸಾರ್ಮಾನ್.

"ಉಳುಕು."

"ಛೇ ಛೇ! ಬೂಟು ಬಿಚ್ಚಿ. ನಮ್ಮಪ್ಪ ಉಳುಕು ತೆಗೀತಿದ್ರು. ನನ್ನ ಕೈಗೂ ಬಂದಿದೆ. ಒಂದು ಎಳೆತಕ್ಕೆ ಸರಿಹೋಗತ್ತೆ."

"ಬೇಡ ಬೇಡ, ಸರಿಹೋಯ್ತು!" ಎಂದು ಎಂಕೋಸ್ ಎರಡೂ ಕಾಲಲ್ಲಿ ನೆಟ್ಟಗೆ ನಡೆದುಬಿಟ್ಟ. ಮುಟ್ಟುವ ಮೊದಲೇ ವಾಸಿಯಾದ ಉಳುಕನ್ನು ಸಾರ್ಮಾನ್ ಅದುವರೆಗೆ ಕಂಡಿರಲಿಲ್ಲ. ಅವನ ಹುಬ್ಬು ಅಲ್ಲೇ ಗಂಟಾಯಿತು.

ಬಯಲಿನ ಅಂಚಿನ ಬೇಲಿಯ ಹತ್ತಿರ ಎಂಕೋಸ್ ಕುಕ್ಕುರುಗಾಲಲ್ಲಿ ಕೂತು, ಕಡ್ಡಿಯನ್ನು ಹುಲ್ಲಿನ ನಡುವೆ ನೆಟ್ಟ. ತಲೆಯ ಮೇಲೆ ದುಂಬಿ ಗುಂಯ್‌ಗುಡುತ್ತಿದೆ ಅನ್ನಿಸಿತು. ಮೇಲೆ ನೋಡುವಷ್ಟು ಧೈರ್ಯವಿರಲಿಲ್ಲ. ಎದ್ದು ತಿರುಗಿದರೆ ಅವನನ್ನು ಅಣ್ಣ ಎಂಬರ್ಥದಲ್ಲಿ 'ಕಾಂಗ್' ಎಂದೇ ಕರೆಯುವ ಎಂಜಿನ್ ವಿಭಾಗದ ಓಮಾನ್ ಎದುರಿಗೆ.

"ಇಲ್ಲೇನು ಮಾಡ್ತಾ ಇದೀಯ, ಕಾಂಗ್ ಎಂಕೋಸ್?"

"ಯೋಚನೆ."

"ಕುಕ್ಕುರುಗಾಲಲ್ಲಿ?"

"ಹೊಸತಾಗಿ ಯೋಚಿಸಿ ಅಂದಿದಾರಲ್ಲ."

"ಹೂಂ," ಎಂದ ಓಮಾನ್. ಆ 'ಹೂಂ' ಸುಮಾರು ಉದ್ದವಿತ್ತು.

ಹತ್ತು ಗಂಟೆಗೆ ಸೈರನ್ ಕೂಗಿತು. ಎಲ್ಲರೂ ಸಭಾಂಗಣಕ್ಕೆ ಓಡಿದರು. ಪಾಕ್ ದರ್ಸೋನೊ ಪಾರದರ್ಶಕ ಚೀಲವೊಂದನ್ನು ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. ಒಳಗೆ ಮೂರು ಮೆಣಸಿನಕಾಯಿ, ಎರಡು ಈರುಳ್ಳಿ.

"ಅನ್ಯವಸ್ತು!" ಎಂದರು ನಿರ್ದೇಶಕರು. "ಉಪಮಂತ್ರಿಗಳು ಬರೋ ದಿನ, ರನ್‌ವೇ ಪಕ್ಕದಲ್ಲಿ! ಮಧ್ಯಾಹ್ನ ಎರಡು ಗಂಟೆಯೊಳಗೆ ಇದನ್ನ ಇಟ್ಟವನ ಹೆಸರು ನನಗೆ ಬೇಕು. ತನಿಖೆ ಮಾಡೋದು ಹೊಸ ಯೋಚನೆಗಳ ವಿಭಾಗ. ಎಂಕೋಸ್, ಏಳಿ!"

ಹತ್ತಿಮೂಟೆಯಿಂದ ಎದ್ದೇಳಲು ಎಂಕೋಸನಿಗೆ ಮೂರು ಸಲ ಪ್ರಯತ್ನಿಸಬೇಕಾಯಿತು.

"ನಾನಾ, ಪಾಕ್?"

"ನೀವೇ. ನಮ್ಮ ವಿಮಾನ ಬೆಳಿಗ್ಗೆ ಪರೀಕ್ಷೆಗೆ ಹಾರಿತ್ತಲ್ಲ? ಅದು ತೆಗೆದಿರೋ ಚಿತ್ರ ನೋಡಿ. ಸಾರ್ಮಾನ್ ನಿಮ್ಮ ಜೊತೆಗಿರ್ತಾರೆ. ಹೆಸರು ಸಿಗದೇ ಹೋದ್ರೆ ಮೆರಾವ್ಕೆಗೆ ನೀವೇ."

ಆಗ ಎಂಕೋಸನಿಗೆ ಆ ದುಂಬಿ ನೆನಪಾಯಿತು. ಗುಂಯ್‌ಗುಟ್ಟಿದ್ದು ದುಂಬಿಯಲ್ಲ, ಪೈಲಟ್ ಇಲ್ಲದ ಆ ವಿಮಾನ. ಆ ಪುಟ್ಟ ವಿಮಾನ ಇದ್ದದ್ದೇ ಅದಕ್ಕೆ. ರನ್‌ವೇ ಮೇಲೆ ಹಾರುತ್ತ, ಬಿದ್ದಿರುವ ಅನ್ಯವಸ್ತುವನ್ನು ತಾನೇ ಗುರುತಿಸಿ ಸುತ್ತ ಕೆಂಪು ಚೌಕ ಹಾಕಿ ತೋರಿಸಬೇಕು. ಅದಕ್ಕೆ ಅದನ್ನು ಕಲಿಸಿದವರಲ್ಲಿ ಎಂಕೋಸನೂ ಒಬ್ಬ.

ಕತ್ತಲೆ ಕೋಣೆಯಲ್ಲಿ ಸಾರ್ಮಾನ್ ಪಕ್ಕಕ್ಕೇ ಅಂಟಿ ಕೂತ. ಪರದೆಯ ಮೇಲೆ ಹುಲ್ಲು ಬಂತು, ಬೇಲಿ ಬಂತು, ಕಡ್ಡಿ ಬಂತು. ಕೆಂಪು ಚೌಕ ಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು ದೊಡ್ಡ ಕೆಂಪು ಚೌಕ. ಅದರೊಳಗೆ ಕೂತಿದ್ದ ಮನುಷ್ಯನನ್ನೇ ಯಂತ್ರ ಅನ್ಯವಸ್ತು ಎಂದು ತಿಳಿದಿತ್ತು.

ಮುಖ ಕಾಣಲಿಲ್ಲ. ಕಂಡದ್ದು ನೆತ್ತಿ. ನೆತ್ತಿಯ ನಡುವೆ ಹಪ್ಪಳದಷ್ಟು ಬೋಳು.

"ಸಿಕ್ಕ!" ಎಂದು ಸಾರ್ಮಾನ್ ತೊಡೆ ತಟ್ಟಿದ. "ಈ ಬೋಳು ಯಾರದು ಅಂತ ನೋಡಿದ್ರೆ ಮುಗೀತು." ಹಾಗೆಂದು ಎಂಕೋಸನ ಕಡೆ ತಿರುಗಿದ. ಎಂಕೋಸ್ ಅಷ್ಟರಲ್ಲಿ ಹೆಲ್ಮೆಟ್ ಹಾಕಿಕೊಂಡಿದ್ದ.

"ಒಳಗೆ ಯಾಕೆ ಹೆಲ್ಮೆಟ್, ಪಾಕ್?"

"ಸುರಕ್ಷತೆ ಮೊದಲು."

ಸುದ್ದಿ ಆ ಕೋಣೆಯಿಂದ ಹೇಗೆ ಹೊರಬಿತ್ತೋ ಕಾಣೆ. ಅರ್ಧ ಗಂಟೆಯೊಳಗೆ ಕಾರ್ಖಾನೆಯ ನಡುವಯಸ್ಸಿನ ಗಂಡಸರೆಲ್ಲ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಿದ್ದರು. ಲೆಕ್ಕಪತ್ರದವರೂ, ಕ್ಯಾಂಟೀನಿನಲ್ಲಿ ಅನ್ನ ಬಡಿಸುವವನೂ. ತಲೆ ತೆರೆದಿದ್ದವರನ್ನು ಉಳಿದವರು ಅನುಮಾನದಿಂದ ನೋಡಿದರು. ಅಷ್ಟು ಧೈರ್ಯ ಎಲ್ಲಿಂದ ಬಂತು? ಹೆಲ್ಮೆಟ್ ಹಾಕಿದವರನ್ನು ತಲೆ ತೆರೆದವರು ಅನುಮಾನದಿಂದ ನೋಡಿದರು, ಒಳಗೆ ಏನಿದೆ? ಊಟದ ಹೊತ್ತಿಗೆ ಒಬ್ಬರ ಪಕ್ಕ ಒಬ್ಬರು ಕೂರದಂತಾಯಿತು.

ಓಮಾನ್ ತಟ್ಟೆ ಹಿಡಿದು ಎಂಕೋಸನ ಎದುರಿಗೇ ಬಂದು ಕೂತ. ತಟ್ಟೆಯಲ್ಲಿದ್ದ ಬಾಳೆಲೆ ಪೊಟ್ಟಣ ಬಿಚ್ಚಿ, ಅನ್ನಕ್ಕೆ ಕೈ ಹಾಕದೆ ಇವನನ್ನೇ ನೋಡಿದ.

"ಕಾಂಗ್, ನಾನು ಯಾರಿಗೂ ಹೇಳಲ್ಲ. ಬೆಳಿಗ್ಗೆ ಬೇಲಿ ಹತ್ರ ಕೂತಿದ್ದು ನೀನೇ ತಾನೆ?"

"ಕೂತಿದ್ದೆ. ನೀನು ಯಾಕೆ ಅಲ್ಲಿಗೆ ಬಂದಿದ್ದೆ?"

ಅನ್ನಕ್ಕೆ ಚಾಚಿದ ಓಮಾನನ ಕೈ ಗಾಳಿಯಲ್ಲೇ ನಿಂತಿತು. "ನಾನು... ಗಾಳಿಗೆ."

"ಗಾಳಿಗೆ ಬರೋನ ಕೈಯಲ್ಲಿ ಪೊರಕೆ ಕಡ್ಡಿ ಯಾಕಿತ್ತು?"

ಕಡ್ಡಿ ಇತ್ತೋ ಇಲ್ಲವೋ ಎಂಕೋಸ್ ನೋಡಿರಲಿಲ್ಲ. ಕತ್ತಲಲ್ಲಿ ಕಲ್ಲು ಎಸೆದಿದ್ದ. ಅದು ಸರಿಯಾಗಿ ತಗುಲಿತು. ಓಮಾನ್ ಕೆಂಪಾಗಿ, "ಹಲ್ಲು ಕೆದಕೋಕೆ," ಎಂದು ಗೊಣಗಿ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ.

ಅಲ್ಲಿಂದ ತನಿಖೆ ಬೇರೆ ದಾರಿ ಹಿಡಿಯಿತು. ಇಂಧನದ ಶೆಡ್ಡಿನ ಹಿಂದೆ ಎರಡನೆಯ ಕಡ್ಡಿ ಸಿಕ್ಕಿತು. ಅದಕ್ಕೆ ಬೆಳ್ಳುಳ್ಳಿಯೂ ಇತ್ತು. ಬಣ್ಣ ಹಚ್ಚುವ ಶೆಡ್ಡಿನ ಹಿಂದೆ ಮೂರನೆಯದು. ಎಂಜಿನಿಯರ್ ಯಾರೋ ಅಳತೆ ಹಿಡಿದು ಪೋಣಿಸಿದ ಹಾಗೆ ಎಲ್ಲ ಮೆಣಸಿನಕಾಯಿಗಳ ನಡುವೆ ಸಮ ಅಂತರ. ಮಹಿಳೆಯರ ವಿಶ್ರಾಂತಿ ಕೋಣೆಯ ಕಿಟಕಿಯ ಕುಂಡದಲ್ಲಿ ಇನ್ನೊಂದು. ಅದನ್ನು ಕಂಡು ಇಬು ಹೆರ್ಲಿನಾ, "ಯಾರಪ್ಪ ಇದು! ಥೂ, ಓದಿದೋರು ಮಾಡೋ ಕೆಲಸನಾ?" ಎಂದು ಬೇಕಾದ್ದಕ್ಕಿಂತ ಜೋರಾಗಿ ಹೇಳಿದರು. ಎಂಕೋಸ್ ಅವರನ್ನು ನೋಡಿದ. ಅವರು ಗೋಡೆಯ ಮೇಲಿನ 'ಹೊಸತಾಗಿ ಯೋಚಿಸಿ' ಓದತೊಡಗಿದರು.

ಎಲ್ಲ ಚೀಲಗಳನ್ನೂ ಸಾರ್ಮಾನನ ಕಾವಲು ಕೋಣೆಗೆ ತಂದಿಟ್ಟರು. ಸಂತೆಯ ತರಕಾರಿ ಅಂಗಡಿಯಂತೆ ಕಂಡಿತು. ಎಂಕೋಸ್ ದಣಿದು ಕಿಟಕಿಯಿಂದ ಹೊರಗೆ ನೋಡಿದ. ಧ್ವಜಕಂಬದ ಬುಡದಲ್ಲಿ, ಯಾರಿಗೂ ಕಾಣದಂತೆ ಇಟ್ಟಿಗೆಯ ಮರೆಯಲ್ಲಿ, ಏನೋ ಕೆಂಪಗೆ ಇಣುಕುತ್ತಿತ್ತು.

"ಪಾಕ್ ಸಾರ್ಮಾನ್, ಅದು ಯಾರದ್ದು?"

ಸಾರ್ಮಾನ್ ಹೊರಗೆ ನೋಡಲೇ ಇಲ್ಲ. "ಅದು ನನ್ನ ಊಟದ್ದು."

"ನೆಟ್ಟು ತಿಂತೀರಾ?"

ಸಾರ್ಮಾನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ನೆತ್ತಿಯಲ್ಲಿ ಹಪ್ಪಳದಷ್ಟು ಬೋಳು. ಎಂಕೋಸನೂ ಹೆಲ್ಮೆಟ್ ತೆಗೆದ. ಇಬ್ಬರೂ ಒಬ್ಬರ ನೆತ್ತಿಯನ್ನೊಬ್ಬರು ನೋಡಿಕೊಂಡರು.

"ನಿಮ್ಮ ಉಳುಕು ಹೇಗಿದೆ?" ಎಂದ ಸಾರ್ಮಾನ್.

"ಪೂರ್ತಿ ವಾಸಿ."

"ಸಂತೋಷ."

ಎರಡು ಗಂಟೆಗೆ ಸ್ವಲ್ಪ ಮೊದಲು ನಿರ್ದೇಶಕರು ಕರೆಸಿದರು. ಕಿಟಕಿಯಾಚೆ ತಂಗ್ಕುಬಾನ್ ಬೆಟ್ಟದ ಮೇಲೆ ಮೋಡ ಕಪ್ಪಗೆ ಕೂತಿತ್ತು, ಹಿಂಡದೆ ಹಾಕಿದ ಕಂಬಳಿಯ ಹಾಗೆ.

"ಹೆಸರು?"

"ತನಿಖೆ ನಡೀತಿದೆ, ಪಾಕ್. ಹಕ್ಕಿ ತಂದು ಹಾಕಿರಬಹುದು ಅಂತ ಅನುಮಾನ."

"ಹಕ್ಕಿ ಪೋಣಿಸಿತಾ?"

"ಇಲ್ಲಿನ ಹಕ್ಕಿಗಳು ತುಂಬಾ..."

"ಎಂಕೋಸ್!" ಪಾಕ್ ದರ್ಸೋನೊ ಮೇಜಿನ ಮೇಲೆ ಬಾಗಿದರು. "ನಾನು ಈ ಕಾರ್ಖಾನೇಲಿ ಯಾರನ್ನೂ ನಂಬಲ್ಲ. ನಿಮ್ಮನ್ನಂತೂ ಬಿಡಿ. ಪ್ರದರ್ಶನ ಮುಗಿಯೋ ಹೊತ್ತಿಗೆ ಹೆಸರು ಕೊಡಿ. ಇಲ್ಲಾಂದ್ರೆ ಮನೆಗೆ ಹೋಗಿ ಪೆಟ್ಟಿಗೆ ಕಟ್ಟಿ."

ಹೆಸರು ಕೊಡುವುದು ಎಂಕೋಸನಿಗೆ ಕಷ್ಟವಿರಲಿಲ್ಲ. ಯಾರ ಹೆಸರು ಹೇಳಿದರೂ ನಡೆಯುತ್ತಿತ್ತು. ಆದರೆ ಓಮಾನನಿಗೆ ಮೂರು ಮಕ್ಕಳು. ಸಾರ್ಮಾನನ ತಾಯಿಗೆ ಕಣ್ಣು ಕಾಣದು. ಇಬು ಹೆರ್ಲಿನಾ ಮೆರಾವ್ಕೆಯಲ್ಲಿ ಒಂದು ದಿನವೂ ಬಾಳರು. ಒಬ್ಬೊಬ್ಬರನ್ನೇ ಬಿಡುತ್ತ ಬಂದರೆ ಕೊನೆಗೆ ಉಳಿಯುತ್ತಿದ್ದದ್ದು ಅವನೇ. ಪ್ರದರ್ಶನ ಮುಗಿದ ಕೂಡಲೇ ಒಪ್ಪಿಕೊಂಡುಬಿಡುವುದು ಎಂದುಕೊಂಡು ಬಯಲಿಗೆ ನಡೆದ.

ಉಪಮಂತ್ರಿಗಳು ಬಂದರು. ಶಾಮಿಯಾನದಡಿ ದೊಡ್ಡ ಪರದೆ. ರನ್‌ವೇ ಮೇಲೆ ಮೊದಲೇ ಒಂದು ಕೈಗವಸು, ಒಂದು ಸ್ಪ್ಯಾನರು ಇಟ್ಟಿದ್ದರು. ವಿಮಾನ ಹಾರಿ ಅವೆರಡನ್ನೂ ಹುಡುಕಬೇಕು. ಮೈಕು ಪಾಕ್ ದರ್ಸೋನೊ ಅವರ ಕೈಯಲ್ಲಿ, ವಿಮಾನದ ಗುಂಡಿಗಳು ಎಂಕೋಸನ ಕೈಯಲ್ಲಿ. ಮೋಡ ಬೆಟ್ಟ ಬಿಟ್ಟು ಇಳಿಯಲಿಲ್ಲ. ಯಾಕೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ವಿಮಾನ ಗುಂಯ್ ಎಂದು ಎದ್ದಿತು. ಕೈಗವಸಿಗೆ ಕೆಂಪು ಚೌಕ. ಚಪ್ಪಾಳೆ. ಸ್ಪ್ಯಾನರಿಗೆ ಕೆಂಪು ಚೌಕ. ಇನ್ನಷ್ಟು ಚಪ್ಪಾಳೆ.

"ಇಲ್ಲಿ ಮನುಷ್ಯರ ನಂಬಿಕೆಗೆ ಜಾಗ ಇಲ್ಲ, ಸನ್ಮಾನ್ಯರೇ," ಎಂದರು ಪಾಕ್ ದರ್ಸೋನೊ. "ಯಂತ್ರದ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಕ್ಕಾಗಲ್ಲ."

ಇಳಿಸಲೆಂದು ಎಂಕೋಸ್ ವಿಮಾನವನ್ನು ತಿರುಗಿಸಿದ. ತಿರುಗುವಾಗ ಅದು ದೊಡ್ಡ ಹ್ಯಾಂಗರಿನ ಛಾವಣಿಯ ಮೇಲೆ ಹಾದುಹೋಯಿತು. ಪರದೆಯ ಮೇಲೆ ತಗಡು ಬಂತು. ತಗಡಿನ ನಡುವೆ ಒಂದು ಕೆಂಪು ಚೌಕ ಬಿತ್ತು. ಟಿಂಗ್ ಎಂದು ಸದ್ದಾಯಿತು. ಯಂತ್ರ ಅಲ್ಲೇ ನಿಂತುಬಿಟ್ಟಿತು.

ಎಂಕೋಸ್ ಗುಂಡಿ ಒತ್ತಿದ. ಅದು ಕದಲಲಿಲ್ಲ. ದೊಡ್ಡ ಅನ್ಯವಸ್ತು ಸಿಕ್ಕರೆ ಬಿಡಬೇಡ, ಹತ್ತಿರ ಹೋಗಿ ತೋರಿಸು ಎಂದು ಅದಕ್ಕೆ ಕಲಿಸಿದ್ದರು. ಒಳ್ಳೆಯ ಮಗುವಿನ ಹಾಗೆ ಅದು ಕಲಿಸಿದ್ದನ್ನು ಮಾಡಿತು. ಚಿತ್ರ ದೊಡ್ಡದಾಯಿತು. ಮತ್ತೂ ದೊಡ್ಡದಾಯಿತು. ಕೊನೆಗೆ ಪರದೆಯ ತುಂಬ ಒಂದು ಪಟಾಪಟಿ ಚಡ್ಡಿ ಹರಡಿಕೊಂಡಿತು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಹೇರಿದ್ದರು.

ಇದಕ್ಕೆ ವಿವರಣೆ ಬೇಕಾಗಿದ್ದವರು ಅಲ್ಲಿ ಜರ್ಮನಿಯಲ್ಲಿ ಓದಿದ ಇಬು ಹೆರ್ಲಿನಾ ಒಬ್ಬರೇ.

"ಮೆಣಸಿನಕಾಯಿ ಸಾಲದೇ ಇದ್ದಾಗ ಮಾಡೋದು ಇದು," ಎಂದು ಓಮಾನ್ ಇಬು ಹೆರ್ಲಿನಾರ ಕಿವಿಯಲ್ಲಿ ಪಿಸುಗುಟ್ಟಿದ. "ಸಮಾರಂಭದ ಯಜಮಾನನದ್ದೇ ಆಗಿರಬೇಕು. ಬೇರೆಯವರದ್ದನ್ನ ಛಾವಣಿಗೆ ಎಸೆದ್ರೆ ಮಳೆ ನಿಲ್ಲಲ್ಲ."

"ಯಜಮಾನ ಅಂದ್ರೆ ಯಾರು?"

ಯಂತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೊಂಟದ ಪಟ್ಟಿಯ ಒಳಬದಿಯಲ್ಲಿ ಲಾಂಡ್ರಿಯವರು ಬಟ್ಟೆ ಅದಲುಬದಲಾಗದಿರಲೆಂದು ಕಪ್ಪು ಮಸಿಯಲ್ಲಿ ಬರೆದ ಅಕ್ಷರ, ಶಾಮಿಯಾನದ ಕಂಬದಷ್ಟು ಎತ್ತರಕ್ಕೆ ಮೂಡಿತು: ದರ್ಸೋನೊ.

ಉಪಮಂತ್ರಿಗಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಪಾಕ್ ದರ್ಸೋನೊ ಅವರ ಮುಖಕ್ಕೆ ಎಲ್ಲ ಬಣ್ಣವೂ ಬಂದು ಹೋಯಿತು. ಆದರೆ ಅವರು ಸುಮ್ಮನೆ ನಿರ್ದೇಶಕರಾದವರಲ್ಲ. ಮೈಕು ಬಾಯಿಗೆ ಹೋಯಿತು.

"ಇದು... ಇದೇ ಕೊನೆಯ ಪರೀಕ್ಷೆ, ಸನ್ಮಾನ್ಯರೇ! ಕೈಗವಸು, ಸ್ಪ್ಯಾನರು ಯಾರು ಬೇಕಾದ್ರೂ ಹುಡುಕ್ತಾರೆ. ಯಾರೂ ಊಹಿಸದ ಜಾಗದಲ್ಲಿ, ಯಾರೂ ಊಹಿಸದ ವಸ್ತು ಇಟ್ಟು, ಅದರ ಅಕ್ಷರ ಓದಿಸಬೇಕು ಅಂತ ಯೋಚನೆ ಮಾಡಿದ್ದು ನಮ್ಮ ಎಂಕೋಸ್! ಪರೀಕ್ಷೆಗೆ ನನ್ನದೇ ಬೇಕು ಅಂತ ಹಟ ಹಿಡಿದ್ರು. ವಿಜ್ಞಾನಕ್ಕೋಸ್ಕರ ನಾನೂ ಕೊಟ್ಟೆ."

ಉಪಮಂತ್ರಿಗಳೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಓಮಾನ್ ಶಿಳ್ಳೆ ಹಾಕಿದ. ಎಂಕೋಸ್ ಗುಂಡಿಗಳ ಪೆಟ್ಟಿಗೆ ಹಿಡಿದುಕೊಂಡೇ ಬಾಗಿದ. ತಪ್ಪೊಪ್ಪಿಕೊಳ್ಳಲು ಸಿದ್ಧಮಾಡಿಕೊಂಡಿದ್ದ ಮಾತನ್ನು ಅಲ್ಲೇ ನುಂಗಿದ. ಬದುಕಿದೆ! ಬಾಂಡುಂಗ್, ಇಮಾಸ್, ಬಿಸಿ ಸುರಾಬಿ, ಎಲ್ಲವೂ ಉಳಿದವು!

"ಭಲೇ!" ಎಂದರು ಉಪಮಂತ್ರಿಗಳು, ಎಂಕೋಸನ ಹೆಗಲ ಮೇಲೆ ಕೈ ಹಾಕಿ. "ಇಂಥ ತಲೆ ಇಂಥ ಕಡೆ ಕೂತು ವ್ಯರ್ಥ ಆಗಬಾರದು. ಒಂದು ವಿಮಾನ ನಿಲ್ದಾಣ ಇದೆ, ರನ್‌ವೇ ಮೇಲೆ ಹಂದಿ ಬರತ್ತೆ, ನಾಯಿ ಬರತ್ತೆ, ಏನೇನೋ ಬಿದ್ದಿರತ್ತೆ. ಈ ಯಂತ್ರ ಮೊದಲು ಹೋಗಬೇಕಾದ್ದು ಅಲ್ಲಿಗೆ. ಯಂತ್ರದ ಜೊತೆ ನೀವೂ. ಐದು ವರ್ಷ ಅಂತ ಇಟ್ಕೊಳ್ಳಿ. ಪಾಕ್ ದರ್ಸೋನೊ, ಆದೇಶ ಇವತ್ತೇ ಹೊರಡಲಿ."

"ಎಲ್ಲಿಗೆ, ಪಾಕ್?" ಎಂಕೋಸನ ದನಿ ಅವನಿಗೇ ಕೇಳಿಸಲಿಲ್ಲ.

"ಮೆರಾವ್ಕೆ."

ಉಪಮಂತ್ರಿಗಳ ಕಾರು ಗೇಟು ದಾಟಿದ ಮೇಲೆ ಪಾಕ್ ದರ್ಸೋನೊ ಎಂಕೋಸನ ತೋಳು ಹಿಡಿದು ಪರದೆಯ ಹಿಂದಕ್ಕೆ ಕರೆದೊಯ್ದರು. ಆಚೀಚೆ ನೋಡಿದರು. ದನಿ ತಗ್ಗಿಸಿದರು.

"ಆ ಮೆಣಸಿನಕಾಯಿ ತನಿಖೆ ಇಲ್ಲಿಗೆ ಮುಗೀತು. ನಿಮ್ಮ ಉಪಕಾರ ಮರೆಯಲ್ಲ."

"ಹಾಗಾದ್ರೆ ಮೆರಾವ್ಕೆ..."

"ಮಂತ್ರಿಗಳ ಮಾತು, ನಾನೇನು ಮಾಡಲಿ? ಮುಂದಿನ ತಿಂಗಳು ಅಲ್ಲಿ ಈ ಯಂತ್ರದ ಉದ್ಘಾಟನೆಗೆ ನಾನೇ ಬರ್ತೀನಿ. ಆವತ್ತು ಅಲ್ಲಿ ಮಳೆ ಬರಬಾರದು. ವೈಜ್ಞಾನಿಕವಾಗಿ ನೋಡ್ಕೊಳ್ಳಿ." ಅವರು ಇನ್ನೂ ಹತ್ತಿರಕ್ಕೆ ಬಾಗಿದರು. "ಅಲ್ಲಿನ ಛಾವಣಿ ದೊಡ್ಡದಂತೆ. ಎರಡು ಕಳಿಸಿ ಕೊಡ್ತೀನಿ."